ತಡಸದ ಅಂಗಡಿಸಾಲು

ಹುಬ್ಬಳ್ಳಿಯಿಂದ ಹಾವೇರಿಗೆ ಹೋಗುವ ಹೆದ್ದಾರಿಯಲ್ಲಿ ಪ್ರವಾಸ ಮಾಡಿದ ವಾಚಕರು ‘ತಡಸ ಕ್ರಾಸ್’ ಎಂಬ ಹಲಗೆಯನ್ನು ನೋಡಿರಬಹುದು. ಆದರೆ ಅವರಲ್ಲಿ ತಡಸವನ್ನು ನೋಡಿದವರು ವಿರಳ. ಮುಂಡಗೋಡ, ಶಿರಸಿಗಳ ದಾರಿಯು ಇಲ್ಲಿಯೇ ಒಡೆಯುವದರಿಂದ, ಮಳೆಗಾಲ ಮುಗಿದೊಡನೆ ಬೆನ್ನಿಗೆ ಚೀಲ ಕಟ್ಟಿಕೊಂಡು ಕಾಡು ನೋಡಹೊರಟ ತರುಣರೂ, ಅತ್ತಿವೇರಿಯ ಪಕ್ಷಿಧಾಮಕ್ಕೆ ಹೋಗುವ ಕುಟುಂಬಗಳೂ, 1966ರಿಂದ ಮುಂಡಗೋಡದ ಬಳಿ ನೆಲೆಸಿರುವ ಟಿಬೆಟಿಯನ್ನರ ವಿಹಾರಗಳನ್ನು ಕಾಣಬಯಸುವವರೂ ಇತ್ತ ಹಾಯುವರು. ಎಲ್ಲರೂ ತಡಸವನ್ನು ದಾಟುವರೇ ಹೊರತು ತಡಸಕ್ಕೆ ಬರುವವರು ಕಡಿಮೆ. ಆ ಉಳಿದ ಊರಿನ ಅಂಗಡಿಗಳ ವಿಷಯವಾಗಿ ಈ ತಿಂಗಳು ನಾಲ್ಕು ಮಾತು ಬರೆಯಬೇಕೆಂದು ಮಾಡಿದ್ದೇವೆ.

ಮೊದಲು ಒಂದು ತಪ್ಪೊಪ್ಪಿಗೆ. ಚಹದಂಗಡಿಯ ಬಾಕಿನ ಮೇಲೆ ಕೂಡ್ರುವದು ಸೋಮಾರಿಗಳ ಲಕ್ಷಣವೆಂದು ನಾವು ಸೇವೆಯಲ್ಲಿದ್ದಷ್ಟು ಕಾಲವೂ ಹುಡುಗರಿಗೆ ಬೋಧಿಸಿದವರು. ನಿವೃತ್ತರಾದ ಮೇಲೆ ವೈದ್ಯರು ದಿನಾಲು ನಡೆಯಲು ವಿಧಿಸಿದರು. ಮೊಣಕಾಲುಗಳು ಅರ್ಧ ದಾರಿಯಲ್ಲಿ ಕೂಡ್ರಲು ವಿಧಿಸಿದವು. ಕೂತಲ್ಲಿ ಚಹದಂಗಡಿ ಇದ್ದಿತು. ಹೀಗೆ ನಮ್ಮ ಉಪದೇಶವು ನಮ್ಮ ಕಾಲಿನಿಂದಲೇ ಖಂಡಿತವಾಯಿತು. ಆ ಬಾಕಿನ ಮೇಲೆ ಗೋವಿನಜೋಳದ ಧಾರಣೆಯನ್ನು ಕುರಿತ ವಾದ, ಮಗಳಿಗೆ ವರ ನೋಡುವ ಯೋಚನೆ, ಪಕ್ಕದ ಶಿಶುನಾಳದ ಶರೀಫರ (1819–1889) ಪದವನ್ನು ಮೆಲ್ಲಗೆ ಗುನುಗುವವನ ಸ್ವರ, ಎಲ್ಲವೂ ಒಂದೇ ಕಾಲಕ್ಕೆ ಕೇಳಿಬರುವವು. ಅಲ್ಲಿ ಕಲಿತದ್ದನ್ನು ಶಾಲೆಯಲ್ಲಿ ಕಲಿಸಿದ್ದರೆ ಒಳಿತಿತ್ತೇನೋ!

ಸಂಜೆ ನಾಲ್ಕಾಯಿತೆಂದರೆ ಗಿರ್ಮಿಟ್ಟಿನ ಸಮಯ. ಘಟ್ಟದ ಕೆಳಗಿನ ಓದುಗರಿಗಾಗಿ ಹೇಳುತ್ತೇವೆ: ಉಳ್ಳಾಗಡ್ಡಿ, ಹಸಿಮೆಣಸಿನಕಾಯಿಗಳನ್ನು ಎಣ್ಣೆಯಲ್ಲಿ ಬಾಡಿಸಿ, ಅರಿಷಿಣ, ಹುಣಸೆಹುಳಿ, ಬೆಲ್ಲ ಬೆರೆಸಿ ಕುದಿಸಿದ ಗೊಜ್ಜನ್ನು ಚುರುಮುರಿಗೆ ಕಲಸಬೇಕು, ಮೇಲೆ ಪುಟಾಣಿಯ ಹಿಟ್ಟು, ಹಸಿ ಉಳ್ಳಾಗಡ್ಡಿ, ಕೊತ್ತಂಬರಿ, ಸೇವು. ಕಲಸಿದ ಕೂಡಲೇ ತಿನ್ನಬೇಕು. ತಡಮಾಡಿದರೆ ಚುರುಮುರಿ ಮೆತ್ತಗಾಗುವದು. ಸಂಗಡ ಬಿಸಿ ಮಿರ್ಚಿಭಜಿ ಇರಲೇಬೇಕು. ನಮ್ಮ ಮನೆಯಲ್ಲಿ ಇದೇ ಪದಾರ್ಥಗಳಿಂದ ಮಾಡಿದ್ದು ಎಷ್ಟು ಸಾರೆಯೂ ಆ ರುಚಿಗೆ ಬರಲಿಲ್ಲ. ಕಾರಣವನ್ನು ಮನೆಯವರ ಮುಂದೆ ಹೇಳುವ ಧೈರ್ಯ ನಮಗಿಲ್ಲ.

ಸಂಸ್ಕೃತದಲ್ಲಿ ಅಂಗಡಿಗೆ ‘ಆಪಣ’ವೆನ್ನುವರು. ಅದರ ಮೂಲವಾದ ‘ಪಣ್’ ಧಾತುವಿಗೆ ವ್ಯವಹಾರವೆಂದೂ ಸ್ತುತಿಯೆಂದೂ ಎರಡರ್ಥಗಳುಂಟು. ತನ್ನ ಮಾಲನ್ನು ಹೊಗಳದೆ ಮಾರುವ ವ್ಯಾಪಾರಿಯು ಇಲ್ಲವಷ್ಟೆ, ಎಂದು ನಾವು ತರಗತಿಯಲ್ಲಿ ನಗೆಯಾಡುತ್ತಿದ್ದೆವು. ಆದರೆ ನಮ್ಮೂರ ಕಿರಾಣಿ ಅಂಗಡಿಯವರು ಈ ಧಾತುವಿಗೆ ಅಪವಾದ. ‘ಈ ಬ್ಯಾಳಿ ಒಯ್ಯಬ್ಯಾಡ್ರಿ, ಹೊಸಾದು ನಾಡದು ಬರ್ತೈತಿ’ ಎಂದು ಗಿರಾಕಿಯನ್ನು ಬರಿಗೈಯಲ್ಲಿ ಕಳಿಸುವ ಪುಣ್ಯಾತ್ಮರು.

ಇಂಥವರನ್ನು ಬಿಟ್ಟು ನಾವು ಎರಡು ವರ್ಷ ಹುಬ್ಬಳ್ಳಿಯ ದೊಡ್ಡ ಮಳಿಗೆಯಿಂದ ತಿಂಗಳ ಸಾಮಾನು ತರಿಸಿದೆವು. ಮಗನ ಕಾರು ಇದ್ದಿತು. ಕಿಲೋಕ್ಕೆ ನಾಲ್ಕಾರು ರೂಪಾಯಿ ಉಳಿಯುತ್ತಿದ್ದವು. ಕಿರಾಣಿ ಅಂಗಡಿಯ ಮುಂದೆ ಹಾಯುವಾಗ ಮಾತ್ರ, ಯಾಕೋ, ನಮ್ಮ ದೃಷ್ಟಿ ಎದುರಿನ ಓಣಿಯ ಕಡೆಗೆ ಹೊರಳುತ್ತಿತ್ತು.

ಕಳೆದ ಶ್ರಾವಣದಲ್ಲಿ ಮಗಳು ಬಾಣಂತನಕ್ಕೆ ಬಂದಿದ್ದಳು. ಆಸ್ಪತ್ರೆಯಿಂದ ಕೂಸನ್ನು ಕರೆತಂದ ದಿನವೇ ಜಡಿಮಳೆ. ರಾತ್ರಿ ಒಂಬತ್ತಕ್ಕೆ ನೋಡಿದರೆ ಮನೆಯಲ್ಲಿ ಅಜವಾನವಿಲ್ಲ, ಒಣಶುಂಠಿಯಿಲ್ಲ. ದೊಡ್ಡ ಮಳಿಗೆಯ ಯಾದಿಯಲ್ಲಿ ಬಾಣಂತಿಯು ಸೇರಿರಲಿಲ್ಲ. ಮಗ ಹುಬ್ಬಳ್ಳಿಯಲ್ಲಿ. ಕೊಡೆ ಹಿಡಿದು ಹೊರಟೆವು. ಕಾಲಿನ ನೋವಿಗಿಂತ ನಾಚಿಕೆಯ ಭಾರವೇ ಹೆಚ್ಚಾಗಿತ್ತು. ಅಂಗಡಿ ಮುಚ್ಚಿತ್ತು, ಹಿಂಬಾಗಿಲು ತಟ್ಟಿದೆವು.

‘ಬರ್ರಿ ಮಾಸ್ತರ್ರ, ತೊಯ್ಸಿಕೊಂಡೀರಲ್ಲ! ಕೂಸು ಆರಾಮ ಐತ್ರಿ?’ ಎಂದರು. ಸುದ್ದಿ ನಮಗಿಂತ ಮೊದಲೇ ಅಲ್ಲಿಗೆ ಮುಟ್ಟಿತ್ತು. ಕೇಳಿದ್ದನ್ನು ಕಟ್ಟಿ, ಕೇಳದೆಯೇ ಅಳವಿ, ಅಂಟು, ಒಣಕೊಬ್ಬರಿಗಳನ್ನೂ ಚೀಲಕ್ಕೆ ಹಾಕಿದರು. ಐನೂರರ ನೋಟು ಕೊಟ್ಟೆವು. ಆ ಹೊತ್ತಿಗೆ ಚಿಲ್ಲರೆ ಎಲ್ಲಿಯದು? ‘ವಹಿಯೊಳಗ ಬರದಿರ್ತೀನಿ ಬಿಡ್ರಿ’ ಎಂದು ಕೆಂಪು ರಟ್ಟಿನ ಉದ್ರಿ ವಹಿಯನ್ನು ತೆರೆದರು. ಅದು ಆ ವರ್ಷದ ಹೊಸ ವಹಿ. ಅದರಲ್ಲಿ ನಮ್ಮ ಹೆಸರಿನ ಪುಟವೊಂದು, ಮೇಲೆ ಶ್ರೀಕಾರ ಬರೆದದ್ದು, ಕೆಳಗೆ ಒಂದು ಅಂಕಿಯೂ ಇಲ್ಲದೆ ಖಾಲಿ ಇದ್ದಿತು.

‘ನಾವು ಬರಲೇ ಇಲ್ಲ, ಪುಟ ಯಾಕೆ ಇಟ್ಟಿರಿ?’ ಎಂದು ಕೇಳಿಯೇಬಿಟ್ಟೆವು.

‘ಊರಾಗ ಅದೀರಲ್ರಿ,’ ಎಂದರು ಅವರು, ಪುಡಿಕೆಗೆ ದಾರ ಸುತ್ತುತ್ತ.

ಈಗ ಸಾಮಾನು ಅಲ್ಲಿಂದಲೇ ಬರುತ್ತದೆ. ಮಗ ಲೆಕ್ಕ ಹಾಕಿ ತಿಂಗಳಿಗೆ ಇಷ್ಟು ಹೆಚ್ಚೆಂದು ತೋರಿಸುವನು. ಅವನ ಲೆಕ್ಕ ಸರಿಯೇ ಇದೆ. ಮಗಳು ಗಂಡನ ಮನೆಗೆ ಹೊರಡುವ ಮುಂಚಿನ ದಿನ ಮೊಮ್ಮಗಳನ್ನು ಎತ್ತಿಕೊಂಡು ಅಂಗಡಿಗೆ ಹೋಗಿದ್ದೆವು. ಅವರು ವಿದ್ಯುತ್ ತಕ್ಕಡಿಯ ತಟ್ಟೆಗೆ ಮಡಿ ಟವೆಲು ಹಾಸಿ ಕೂಸನ್ನು ಮಲಗಿಸಿದರು. ಆರು ಕಿಲೋ ನಾಲ್ಕು ನೂರು ಗ್ರಾಂ. ಅದನ್ನೂ ನಮ್ಮ ಪುಟದಲ್ಲಿ, ತೊಗರಿಬೇಳೆಯ ಕೆಳಗೆ, ದರದ ಕಲಮು ಬಿಟ್ಟು, ಬರೆದಿಟ್ಟಿದ್ದಾರೆ.