ಎಲೆಚುಕ್ಕೆಗಿಂತ ಬೇಗ ಹಬ್ಬಿದ್ದು

ಮೊನ್ನೆ ಸೊಸೈಟಿ ಮುಂದೆ ನಾಲ್ಕು ಜನ ನಗ್ತಾ ಮಾತಾಡ್ತಾ ನಿಂತಿದ್ವಿ. ಒಬ್ಬರು ಬಂದು, "ಎಲೆಚುಕ್ಕೆ ನಮ್ಮ ಪಕ್ಕದ ತೋಟಕ್ಕೂ ಬಂತು. ಇನ್ನು ಅಡಿಕೆ ಮುಗೀತು ಮಾರಾಯ್ರೆ" ಅಂದ್ರು. ಐದೇ ನಿಮಿಷ, ಎಲ್ಲರ ಮುಖವೂ ಅವರ ಮುಖದ ಹಾಗೇ ಆಯ್ತು. ಎಷ್ಟು ಮರಕ್ಕೆ ಬಂದಿದೆ ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಮನೆಗೆ ಬಂದವನೇ ಗ್ರೂಪಿಗೆ ವಾಯ್ಸ್ ಹಾಕಿದೆ. ಅದರಲ್ಲಿ ಸುದ್ದಿ ಇದ್ದದ್ದು ಎರಡೇ ಮಾತು, ಉಳಿದದ್ದೆಲ್ಲ ನನ್ನ ಹೆದರಿಕೆ. ಕೆಳಗಿನ ಮನೆ ಅಣ್ಣ ಅದನ್ನ ಕೇಳಿ ರಾತ್ರಿ ನಿದ್ದೆ ಮಾಡ್ಲಿಲ್ಲವಂತೆ. ಬೆಳಿಗ್ಗೆ ಎದ್ದು ತೋಟಕ್ಕೂ ಇಳಿಯದೆ ಪೇಟೆಗೆ ಹೋಗಿ, ಸಾಲ ಬರೆಸಿ ಮೂರು ಥರದ ಔಷಧ ತಂದ್ರು. ಆಮೇಲೆ ಇಬ್ಬರೂ ಸೇರಿ ತೋಟ ಸುತ್ತಿದ್ವಿ. ಚುಕ್ಕೆ ಇದ್ದದ್ದು ಹಳ್ಳದ ಬದಿಯ ಏಳೆಂಟು ಮರದ ಕೆಳಗಿನ ಸೋಗೆಗೆ. ಆ ಸೋಗೆ ಕಡಿದು ಹೊರಗೆ ಹಾಕಿ ಸುಡೋದು ಮೊದಲ ಕೆಲಸ. ಅದಕ್ಕೆ ಸಾಲ ಬೇಕಾಗಿರಲಿಲ್ಲ.

ಎಲೆಚುಕ್ಕೆ ಶಿಲೀಂಧ್ರ ಹಬ್ಬೋಕೆ ಮಳೆ ಗಾಳಿಯಾದ್ರೂ ಬೇಕು. ಹೆದರಿಕೆಗೆ ಅದೂ ಬೇಡ. ಕೊಟ್ಟಿಗೆಯಲ್ಲಿ ಒಂದು ದನ ಬೆದರಿದ್ರೆ ಉಳಿದವು ಯಾಕೆ ಅಂತ ನೋಡದೆ ಹಗ್ಗ ಎಳೀತಾವೆ. ನಾವೂ ಹಾಗೇ, ಎದುರಿನವರ ಮುಖ, ದನಿ ನೋಡಿ ಗೊತ್ತಿಲ್ಲದೆ ಅದನ್ನೇ ಹಿಡ್ಕೊಳ್ತೀವಿ. ಮುಖ ಕಾಣಬೇಕು ಅಂತಲೂ ಇಲ್ಲ. 2012ರ ಜನವರಿಯಲ್ಲಿ ಒಂದು ವಾರ ಫೇಸ್‌ಬುಕ್‌ನವರು ಸುಮಾರು 6.89 ಲಕ್ಷ ಜನರ ಮೇಲೆ ಅವರಿಗೆ ಹೇಳದೆಯೇ ಪ್ರಯೋಗ ಮಾಡಿದ್ರು. ಕೆಲವರಿಗೆ ಖುಷಿಯ ಪೋಸ್ಟ್ ಕಮ್ಮಿ ತೋರಿಸಿದ್ರು. ಅವರು ಬರೆಯೋದ್ರಲ್ಲೂ ಬೇಸರದ ಮಾತು ಜಾಸ್ತಿ ಆಯ್ತು. ಆದದ್ದು ಬಹಳ ಸಣ್ಣ ವ್ಯತ್ಯಾಸ, ಸರಿ. ಆದ್ರೆ ಅಲ್ಲಿದ್ದದ್ದು ಬರೀ ಓದೋ ಪೋಸ್ಟ್. ನಮ್ಮ ಗ್ರೂಪಲ್ಲಿ ದನಿ ಕೇಳಿದ್ರೆ ಯಾರದ್ದು ಅಂತ ಗೊತ್ತಾಗುತ್ತೆ, ತೋಟದ ಬೇಲಿಯೂ ಒಂದೇ.

ಹಾಗಾದ್ರೆ ಕೆಟ್ಟ ಸುದ್ದಿ ಹೇಳೋದೇ ಬೇಡ್ವಾ? ಹೇಳಲೇಬೇಕು. ಮುಚ್ಚಿಟ್ರೆ ರೋಗ ನಿಜವಾಗ್ಲೂ ಹಬ್ಬುತ್ತೆ. ಆದ್ರೆ ಯಾವ ತೋಟ, ಎಷ್ಟು ಮರ, ಯಾವ ಸೋಗೆ ಅಂತ ಫೋಟೋ ಸಮೇತ ಹೇಳೋಣ. "ಮುಗೀತು" ಅನ್ನೋದು ಸುದ್ದಿ ಅಲ್ಲ.

ಇನ್ನೊಂದು ನೋಡಿದೆ. ತೋಟದಲ್ಲಿ ಒಂದೊಂದೇ ಮರ ಎಣಿಸ್ತಾ ಹೋದ ಹಾಗೆ ಅಣ್ಣನ ದನಿ ಇಳೀತು, ನನ್ನದೂ ಇಳೀತು. ಧೈರ್ಯವೂ ಹೀಗೇ ಹಬ್ಬುತ್ತೆ, ಪಕ್ಕದಲ್ಲಿ ಒಬ್ಬರು ನಿಲ್ಲಬೇಕು ಅಷ್ಟೇ.

ಚುಕ್ಕೆ ಕಂಡವರು ಹೇಳಿ. ಭಾನುವಾರ ದೋಟಿ ತಗೊಂಡು ಬರ್ತೀನಿ. ವಾಯ್ಸ್ ಮಾತ್ರ ಹಾಕಲ್ಲ.