ಮಿತವ್ಯಯದಲ್ಲಿ ಸ್ಟಾಕ್‌ಹೋಮ್

“ದೇಶ ಸುತ್ತು, ಕೋಶ ಓದು” ಎಂದ ಹಿರಿಯರೇ “ಹಾಸಿಗೆ ಇದ್ದಷ್ಟು ಕಾಲು ಚಾಚು” ಎಂದೂ ಹೇಳಿಹೋಗಿದ್ದಾರೆ. ಈ ಎರಡು ಉಪದೇಶಗಳನ್ನೂ ಏಕಕಾಲದಲ್ಲಿ ಪಾಲಿಸುವುದು ಮಧ್ಯಮವರ್ಗದ ಸಂಸಾರಿಗೆ ಸುಲಭವಲ್ಲ. ಅದರಲ್ಲಿಯೂ ಸುತ್ತಬೇಕಾದ ಊರು ಸ್ವೀಡನ್ನಿನ ರಾಜಧಾನಿಯಾದ ಸ್ಟಾಕ್‌ಹೋಮ್ ಆಗಿದ್ದರೆ, ಮೊದಲನೆಯದನ್ನು ಕೈಬಿಡುವುದೇ ಲೇಸೆಂದು ತೋರುವುದು ಸಹಜ. ಮಗನೋ ಮಗಳೋ ಅಲ್ಲಿ ಉದ್ಯೋಗದಲ್ಲಿದ್ದು ಪ್ರೀತಿಯಿಂದ ಕರೆಸಿಕೊಂಡಾಗಲೂ, ಬೆಲೆಗಳನ್ನು ಮನಸ್ಸಿನಲ್ಲಿಯೇ ರೂಪಾಯಿಗೆ ಪರಿವರ್ತಿಸಿ ಗಾಬರಿಗೊಂಡು, ಮಕ್ಕಳಿಗೆ ಹೊರೆಯಾಗಬಾರದೆಂದು ಮನೆಯೊಳಗೇ ಕುಳಿತು ಹಿಂದಿರುಗುವ ತಂದೆತಾಯಿಗಳುಂಟು. ಆ ಭಯದಲ್ಲಿ ಅರ್ಧ ಮಾತ್ರ ಸತ್ಯವಿದೆ.

ಆ ನಗರದ ಬೆಲೆಗಳ ಹಿಂದೆ ಒಂದು ನಿಯಮವಿದೆ. ಅಲ್ಲಿ ದುಬಾರಿಯಾಗಿರುವುದು ಮುಖ್ಯವಾಗಿ ಇನ್ನೊಬ್ಬರ ದುಡಿಮೆ. ಬಡಿಸುವವರ, ಕಾರು ನಡೆಸುವವರ, ಹಾಸಿಗೆ ಹಾಸಿಕೊಡುವವರ ಶ್ರಮಕ್ಕೆ ಅಲ್ಲಿ ತಕ್ಕ ಸಂಬಳ ಸಲ್ಲುತ್ತದೆ. ಆ ಸಂಬಳ ಬೆಲೆಯಲ್ಲಿ ಸೇರಿರುತ್ತದೆ. ಆದರೆ ಪ್ರಜೆಗಳೆಲ್ಲರೂ ತೆರಿಗೆ ತೆತ್ತು ತಮಗೆ ಸಮಾನವಾಗಿ ಇರಿಸಿಕೊಂಡ ಸೌಕರ್ಯಗಳು ಸುಲಭವಾಗಿ ಕೈಗೆಟುಕುತ್ತವೆ, ಕೆಲವಂತೂ ಉಚಿತ. ತನ್ನ ಕೆಲಸವನ್ನು ತಾನೇ ಮಾಡಿಕೊಂಡು ಊರಿನವರಂತೆಯೇ ಇರಬಲ್ಲ ಪ್ರವಾಸಿಗೆ ಸ್ಟಾಕ್‌ಹೋಮ್ ಅಷ್ಟೇನೂ ನಿರ್ದಯವಲ್ಲ.

ಈ ನಿಯಮದ ಅನುಭವ ವಿಮಾನ ನಿಲ್ದಾಣದಲ್ಲಿಯೇ ಆಗುತ್ತದೆ. ಆರ್ಲಾಂಡಾ ನಿಲ್ದಾಣವು ನಗರದಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿದೆ. ಇಪ್ಪತ್ತೇ ನಿಮಿಷದಲ್ಲಿ ನಗರ ಸೇರಿಸುವ ವೇಗದ ರೈಲಿನ ಟಿಕೆಟು ಎದೆ ನಡುಗಿಸುವಂಥದು. ನಗರದ ಜನ ನಿತ್ಯ ಓಡಾಡುವ ಸಾಧಾರಣ ಬಸ್ಸನ್ನೇರಿ ಮ್ಯಾರ್ಸ್ತಾ ಎಂಬ ಸಣ್ಣ ಊರಿಗೆ ಹೋಗಿ, ಅಲ್ಲಿಂದ ಉಪನಗರ ರೈಲು ಹಿಡಿದರೆ ಅದರ ಒಂದು ಸಣ್ಣ ಭಾಗದಷ್ಟೇ ವೆಚ್ಚ. ಈ ಸಾಧಾರಣ ಟಿಕೆಟು 75 ನಿಮಿಷ ಊರ್ಜಿತವಾಗಿರುತ್ತದೆ. ಅಷ್ಟರೊಳಗೆ ಬಸ್ಸು, ರೈಲು, ಸುರಂಗ ರೈಲುಗಳನ್ನು ಬದಲಾಯಿಸಿಕೊಳ್ಳಬಹುದು. ಒಂದು ದಿನದ, ಮೂರು ದಿನದ, ವಾರದ ಟಿಕೆಟುಗಳೂ ಉಂಟು. ಆದರೆ ಬಸ್ಸಿನಲ್ಲಿ ನೋಟು ನಾಣ್ಯ ನಡೆಯುವುದಿಲ್ಲ, ಕಾರ್ಡು ಬೇಕು.

ಆ ಟಿಕೆಟಿನಿಂದ ದೊರೆಯುವುದು ಪ್ರಯಾಣವಷ್ಟೇ ಅಲ್ಲ. 1950ರಲ್ಲಿ ಆರಂಭವಾದ ಸುರಂಗ ರೈಲಿನ ನಿಲ್ದಾಣಗಳಲ್ಲಿ ಕಲೆಗೂ ಸ್ಥಾನವಿರಬೇಕೆಂದು ವೇರಾ ನಿಲ್ಸನ್, ಸಿರಿ ಡೆರ್ಕರ್ಟ್ ಎಂಬ ಕಲಾವಿದೆಯರು ಆ ದಶಕದಲ್ಲಿ ಹೋರಾಡಿದರು. ಶ್ರೀಮಂತರ ಗೋಡೆಗಳಲ್ಲಿರುವ ಚಿತ್ರ ದುಡಿಯುವ ಜನರ ದಾರಿಯಲ್ಲಿಯೂ ಇರಬೇಕೆಂಬುದು ಆ ಹೋರಾಟದ ಆಶಯ. ಇಂದು ನೂರು ನಿಲ್ದಾಣಗಳ ಪೈಕಿ 90ಕ್ಕೂ ಹೆಚ್ಚಿನವುಗಳಲ್ಲಿ ಕಲಾಕೃತಿಗಳಿವೆ. ಕೇಂದ್ರ ನಿಲ್ದಾಣದ ಬಿಳಿಯ ಕಮಾನುಗಳ ಮೇಲೆ ನೀಲಿಯ ಬಳ್ಳಿಗಳು ಹಬ್ಬಿವೆ. ಸೋಲ್ನಾ ಸೆಂಟ್ರುಮ್ ನಿಲ್ದಾಣದಲ್ಲಿ ಹಸಿರು ಕಾಡಿನ ಮೇಲೆ ಕೆಂಪು ಆಕಾಶ ಕವಿದಿದೆ. ಹಳ್ಳಿಗಳು ಬರಿದಾಗುವುದನ್ನೂ ಕಾಡು ಅಳಿಯುವುದನ್ನೂ ಕುರಿತ 1975ರ ಚಿತ್ರವದು. ಮಳೆ ಹಿಡಿದ ದಿನ ಒಂದೇ ಟಿಕೆಟಿನಲ್ಲಿ ಇವುಗಳಲ್ಲಿ ಆರೇಳನ್ನಾದರೂ ನೋಡಿಬರಬಹುದು.

ಬಿಸಿಲಿನ ದಿನ ಕಾಲ್ನಡಿಗೆಯೇ ಸಾಕು. ಹದಿನಾಲ್ಕು ದ್ವೀಪಗಳ ಮೇಲೆ ಹರಡಿದ ಈ ನಗರವನ್ನು ಸೇತುವೆಗಳು ಹೆಣೆದಿವೆ. ಹಳೆಯ ಪೇಟೆಯಾದ ಗಾಮ್ಲಾ ಸ್ತಾನ್‌ನ ಓಣಿಗಳಲ್ಲಿ ಒಂದು ಕೇವಲ 90 ಸೆಂಟಿಮೀಟರ್ ಅಗಲಕ್ಕೆ ಕಿರಿದಾಗುತ್ತದೆ. ಅಲ್ಲಿ ಎದುರಾದವರಲ್ಲಿ ಒಬ್ಬರು ಗೋಡೆಗೆ ಒರಗಲೇಬೇಕು. ಅರಮನೆಯ ಕಾವಲು ಬದಲಾಗುವ ಸಮಾರಂಭವನ್ನು ನೋಡಲು ಶುಲ್ಕವಿಲ್ಲ.

ಕೈ ಬಿಚ್ಚಿ ಖರ್ಚು ಮಾಡತಕ್ಕ ಸ್ಥಳವೂ ಒಂದಿದೆ. ಅದು ವಾಸಾ ನೌಕೆಯ ಸಂಗ್ರಹಾಲಯ. ದೊರೆ ಗುಸ್ತಾವ್ ಅಡಾಲ್ಫನ ಆಜ್ಞೆಯಂತೆ ಕಟ್ಟಿದ ಈ ಯುದ್ಧನೌಕೆಯಲ್ಲಿ 64 ಫಿರಂಗಿಗಳಿದ್ದವು, ನೂರಾರು ಕೆತ್ತನೆಯ ವಿಗ್ರಹಗಳಿದ್ದವು. ತಳದಲ್ಲಿ ಸಾಕಷ್ಟು ಭಾರವಿರಲಿಲ್ಲ. 1628ರ ಆಗಸ್ಟ್ 10ರಂದು ಮೊದಲ ಯಾನಕ್ಕೆ ಹೊರಟ ಹಡಗು ಸುಮಾರು 1300 ಮೀಟರ್ ಸಾಗಿ, ಗಾಳಿಗೆ ವಾಲಿ, ಬಂದರಿನಲ್ಲಿಯೇ ಮುಳುಗಿತು. 333 ವರ್ಷಗಳ ನಂತರ, 1961ರಲ್ಲಿ, ಅದನ್ನು ಮೇಲೆತ್ತಿದರು. ಆಡಂಬರ ಹೆಚ್ಚಾಗಿ ಬುಡ ಹಗುರವಾದರೆ ಏನಾಗುತ್ತದೆಂಬುದನ್ನು ಸಂಸಾರಿಗಳಿಗೆ ಇದಕ್ಕಿಂತ ಚೆನ್ನಾಗಿ ತಿಳಿಸುವ ವಸ್ತು ಜಗತ್ತಿನಲ್ಲಿ ವಿರಳ.

ಇನ್ನು ಊಟದ ವಿಚಾರ. ಸಂಜೆ ಹೋಟೆಲಿಗೆ ಹೋಗುವುದು ಜೇಬಿಗೆ ಹಗೆ. ಕೆಲಸದ ದಿನಗಳ ಮಧ್ಯಾಹ್ನ ಮಾತ್ರ ಅನೇಕ ಉಪಾಹಾರಗೃಹಗಳಲ್ಲಿ “ದಿನದ ಊಟ” ದೊರೆಯುತ್ತದೆ. ರೊಟ್ಟಿ, ಸೊಪ್ಪು ತರಕಾರಿ, ಕೊನೆಗೆ ಕಾಫಿ, ಎಲ್ಲವೂ ಒಂದೇ ಬೆಲೆಯಲ್ಲಿ ಅಡಕ. ಉಳಿದ ಹೊತ್ತಿಗೆ ಅಡುಗೆಮನೆಯುಳ್ಳ ಪ್ರವಾಸಿ ವಸತಿಗೃಹವಿದ್ದರೆ ಅನ್ನ ಸಾರು ಮಾಡಿಕೊಳ್ಳಬಹುದು. ಅಂಗಡಿಗಳಲ್ಲಿ “ಫಿಲ್‌ಮ್ಯೋಲ್ಕ್” ಎಂಬ ಹುಳಿ ಹಾಲು ಸಿಗುತ್ತದೆ. ನಮ್ಮ ತೆಳು ಮೊಸರಿನ ದಾಯಾದಿಯದು, ಅನ್ನಕ್ಕೆ ಚೆನ್ನಾಗಿ ಹೊಂದುತ್ತದೆ. ಇಂತಹ ವಸತಿಗೃಹಗಳಲ್ಲಿ ಹಾಸು ಹೊದಿಕೆಗೆ ಬೇರೆ ಬಾಡಿಗೆ ಕೇಳುವುದುಂಟು. ಮನೆಯಿಂದ ಎರಡು ದುಪ್ಪಟಿ ಒಯ್ಯುವುದು ಜಾಣತನ. ನೀರಿಗಂತೂ ಕಾಸು ತೆರಬೇಕಿಲ್ಲ. ಮೇಲಾರನ್ ಸರೋವರದಿಂದ ಬರುವ ನಲ್ಲಿಯ ನೀರು ಸ್ವಚ್ಛವಾಗಿದೆ.

ತರಕಾರಿ ಕೊಳ್ಳಲು ಹ್ಯೋಟೋರ್ಯೆಟ್ ಚೌಕದ ಬಯಲು ಸಂತೆಗೆ ಹೋದವರು ಒಮ್ಮೆ ತಲೆಯೆತ್ತಿ ನೋಡಬೇಕು. ಎದುರಿನ ನೀಲಿಯ ಕಟ್ಟಡವೇ ಸಂಗೀತ ಸಭಾಭವನ. 1930ರ ಡಿಸೆಂಬರಿನಲ್ಲಿ ಸರ್ ಸಿ. ವಿ. ರಾಮನ್ ಅವರು ನೊಬೆಲ್ ಪಾರಿತೋಷಕವನ್ನು ಸ್ವೀಕರಿಸಿದ್ದು ಅಲ್ಲಿಯೇ. ಮೂರು ವರ್ಷಗಳ ನಂತರ ಬೆಂಗಳೂರಿಗೆ ಬಂದು ನೆಲೆಸಿದ ಆ ಮಹನೀಯರ ನೆನಪಿಗೆ ಅಲ್ಲಿ ಒಂದು ನಿಮಿಷ ನಿಲ್ಲುವುದಕ್ಕೆ ಯಾವ ಟಿಕೆಟೂ ಬೇಡ.

ಆ ನಾಡಿನ ಅತ್ಯಂತ ದೊಡ್ಡ ಔದಾರ್ಯ ಪೇಟೆಯ ಹೊರಗಿದೆ. ಅಡವಿ, ಬಯಲು, ಸರೋವರಗಳಲ್ಲಿ ಯಾರು ಬೇಕಾದರೂ ನಡೆದಾಡಬಹುದು, ಹಣ್ಣು ಅಣಬೆಗಳನ್ನು ಆಯಬಹುದೆಂಬ ಹಕ್ಕು ಅಲ್ಲಿ ಪರಂಪರಾಗತ; 1994ರಲ್ಲಿ ಅದು ರಾಜ್ಯಾಂಗದಲ್ಲಿಯೂ ಸೇರಿತು. ಪರದೇಶಿಗಳಿಗೂ ಆ ಹಕ್ಕಿದೆ. ಇತರರಿಗೆ ತೊಂದರೆ ಕೊಡಬಾರದು, ಏನನ್ನೂ ಕೆಡಿಸಬಾರದು, ಮನೆಗಳ ಅಂಗಳವನ್ನು ತುಳಿಯಬಾರದು, ಇಷ್ಟೇ ಕಟ್ಟಳೆ.

ಉಳಿತಾಯಕ್ಕೂ ಮಿತಿಯುಂಟು. ಬೆಚ್ಚಗಿನ ಅಂಗಿಯಲ್ಲಿ ಉಳಿಸಬಾರದು. ಡಿಸೆಂಬರಿನಲ್ಲಿ ಅಲ್ಲಿ ಬೆಳಕಿರುವುದು ಆರೇ ಗಂಟೆ, ಚಳಿ ಕಠಿಣ. ಆರೋಗ್ಯ ವಿಮೆಯಲ್ಲಿ ಉಳಿಸಬಾರದು. 30,000 ಯೂರೋಗಳ ರಕ್ಷಣೆಯಿಲ್ಲದೆ ವೀಸಾ ಸಿಗದು. ರೈಲಿನ ಟಿಕೆಟಿನಲ್ಲಂತೂ ಉಳಿಸಲೇಬಾರದು; ದಂಡ ದೊಡ್ಡದೆಂಬ ಕಾರಣಕ್ಕೆ ಮಾತ್ರವಲ್ಲ, ಸುಲಭವಾಗಿ ಸಿಗುವ ಆ ಸೌಕರ್ಯಗಳೆಲ್ಲ ಯಾರೋ ತೆತ್ತ ತೆರಿಗೆಯ ಫಲವೆಂಬ ಕಾರಣಕ್ಕೆ. ಅತಿಥಿಯು ಮಿತವ್ಯಯಿಯಾಗಿರಬಹುದು, ಋಣಗೇಡಿಯಾಗಬಾರದು.

ಹೋಗುವುದಾದರೆ ಜೂನ್ ತಿಂಗಳು ಉತ್ತಮ. ಹಗಲು ಹದಿನೆಂಟು ಗಂಟೆಗಳಿಗೂ ಮೀರಿರುತ್ತದೆ. ಒಂದು ದಿನದ ಬಾಡಿಗೆಗೆ ಒಂದೂವರೆ ದಿನದ ಬೆಳಕು. ರಾತ್ರಿ ಹತ್ತರ ಹೊತ್ತಿಗೆ ಸ್ಯೋದರ್ಮಾಲ್ಮ್ ದ್ವೀಪದ ದಿಬ್ಬದ ಕಾಲುದಾರಿಯಲ್ಲಿ ಕುಳಿತರೆ ಕೆಳಗೆ ಸರೋವರ, ಆಚೆ ದಡದಲ್ಲಿ ಪುರಭವನದ ಗೋಪುರ, ಅದರಾಚೆ ಮುಳುಗಲು ಮನಸ್ಸಿಲ್ಲದ ಸೂರ್ಯ. ಊರಿನವರು ಅಲ್ಲಿಗೆ ಬುತ್ತಿ ತರುತ್ತಾರೆ. ನಮ್ಮವರೂ ಫ್ಲಾಸ್ಕಿನಲ್ಲಿ ಮನೆಯ ಕಾಫಿಯನ್ನು ಒಯ್ದು ಅವರ ಪಕ್ಕದಲ್ಲಿ ಕುಳಿತುಕೊಳ್ಳಬಹುದು.