ನಾಲ್ಕು ಕೈಯ ಮಗುವಿಗೆ ಬೇಕಿರೋದು ಹಣ್ಣು-ಕಾಯಿ ಅಲ್ಲ, ಆಪರೇಷನ್: ಫಾರ್ವರ್ಡ್ ಮಾಡುವ ಮುನ್ನ ಓದಿ

ನಾಲ್ಕು ಕೈ, ನಾಲ್ಕು ಕಾಲಿನ ಕೂಸು ಹುಟ್ಟಿದೆ ಅಂದ್ರೆ ಸಾಕು, ಫೋಟೊ ವಾಟ್ಸಾಪ್ ಗ್ರೂಪ್‌ಗಳಲ್ಲಿ ಹರಿದಾಡೋಕೆ ಶುರು. ಒಬ್ಬರು ದೇವರ ಅವತಾರ ಅಂತಾರೆ, ಇನ್ನೊಬ್ಬರು ಗ್ರಹಣದ ದೋಷ ಅಂತಾರೆ. ಆ ಮಗುವಿಗೆ ಚಿಕಿತ್ಸೆ ಬೇಕು ಅನ್ನೋದು ಮಾತ್ರ ಇಬ್ಬರಿಗೂ ಮರೆತು ಹೋಗಿರುತ್ತೆ.

ಹಿಂದೆ ಹೀಗೇ ಆಗಿದೆ. 2005ರಲ್ಲಿ ಬಿಹಾರದ ಅರಾರಿಯಾ ಜಿಲ್ಲೆಯ ಕೂಲಿ ಕುಟುಂಬವೊಂದರಲ್ಲಿ ಇಂಥ ಹೆಣ್ಣು ಮಗು ಹುಟ್ಟಿತ್ತು. ಜನ ಲಕ್ಷ್ಮಿಯ ಅವತಾರ ಎಂದು ಕೈ ಮುಗಿದರು. ಸರ್ಕಸ್‌ನವರು ಕೊಳ್ಳೋಕೆ ಬಂದಿದ್ದರು ಎಂದೂ ಆಗ ವರದಿಯಾಗಿತ್ತು. ಎರಡು ವರ್ಷ ಹೀಗೇ ಕಳೆಯಿತು. ಕೊನೆಗೆ 2007ರ ನವೆಂಬರ್‌ನಲ್ಲಿ ಬೆಂಗಳೂರಿನ ಸ್ಪರ್ಶ್ ಆಸ್ಪತ್ರೆಯಲ್ಲಿ ಡಾ. ಶರಣ್ ಪಾಟೀಲ್ ನೇತೃತ್ವದ 30ಕ್ಕೂ ಹೆಚ್ಚು ಜನರ ತಂಡ ಸುಮಾರು 27 ಗಂಟೆ ಆಪರೇಷನ್ ಮಾಡಿತು. ಖರ್ಚನ್ನು ಆಸ್ಪತ್ರೆ ಕಡೆಯಿಂದಲೇ ಭರಿಸಲಾಯಿತು. ಮಗು ಬದುಕಿತು, ನಡೆಯಿತು.

ಏನಿದು ಸಮಸ್ಯೆ?

ವೈದ್ಯರು ಇದನ್ನು ಪ್ಯಾರಸಿಟಿಕ್ ಟ್ವಿನ್, ಅಂದರೆ ಪರಾವಲಂಬಿ ಅವಳಿ ಅಂತಾರೆ. ಒಂದೇ ಭ್ರೂಣ ಎರಡಾಗಿ ಬೇರ್ಪಟ್ಟರೆ ತದ್ರೂಪಿ ಅವಳಿ. ಬೇರ್ಪಡೋದು ಸುಮಾರು ಎರಡು ವಾರ ತಡವಾಗಿ, ಅರ್ಧಕ್ಕೇ ನಿಂತರೆ ಅವಳಿಗಳು ಅಂಟಿಕೊಂಡೇ ಉಳಿಯುತ್ತವೆ. ಅದರಲ್ಲಿ ಒಂದರ ಬೆಳವಣಿಗೆ ನಿಂತು, ಕೈಕಾಲು ಮಾತ್ರ ಉಳಿದು ಇನ್ನೊಂದರ ರಕ್ತದಿಂದಲೇ ಬದುಕುವುದು ಪರಾವಲಂಬಿ ಅವಳಿ. ಹತ್ತು ಲಕ್ಷ ಹೆರಿಗೆಯಲ್ಲಿ ಒಂದು ಕಾಣಿಸಿಕೊಂಡರೆ ಹೆಚ್ಚು. ತಾಯಿ ಗ್ರಹಣ ನೋಡಿದ್ದಕ್ಕೂ, ಏನೋ ತಿಂದಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ.

'ಬೇರ್ಪಡಿಸಿದರೆ ಇನ್ನೊಂದು ಜೀವ ತೆಗೆದ ಹಾಗಲ್ವಾ?' ಎಂದು ಕೇಳುವವರಿದ್ದಾರೆ. ಅಲ್ಲ. ಅರೆಬರೆ ಬೆಳೆದ ಆ ಭಾಗಕ್ಕೆ ಕೆಲಸ ಮಾಡುವ ಮಿದುಳು ಇರೋದಿಲ್ಲ, ಸ್ವಂತವಾಗಿ ಬದುಕುವ ಶಕ್ತಿಯೂ ಇಲ್ಲ. ಅದಕ್ಕೂ ರಕ್ತ ಹರಿಸಬೇಕಾದ ಭಾರ ಮಗುವಿನ ಪುಟ್ಟ ಹೃದಯದ ಮೇಲೇ ಬೀಳುತ್ತೆ.

ಆಗ ಅದೃಷ್ಟ, ಈಗ ದಾರಿ

ಬಿಹಾರದ ಆ ಮಗುವಿಗೆ ಆಸ್ಪತ್ರೆಯೊಂದು ಮುಂದೆ ಬಂದಿದ್ದು ಅದೃಷ್ಟ. ಎಲ್ಲರಿಗೂ ಆ ಅದೃಷ್ಟ ಇರಲ್ಲ. ಆದರೆ ಅಂದು ಇಲ್ಲದ ಕೆಲವು ದಾರಿಗಳು ಇಂದು ಇವೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ತಪಾಸಣೆ ಮಾಡಿ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ. ಆಶಾ ಕಾರ್ಯಕರ್ತೆಗೆ ಹೇಳಿದರೂ ಸಾಕು. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ. ವರೆಗೆ ಚಿಕಿತ್ಸೆಯ ಅವಕಾಶವಿದೆ. ಯಾವ ಆಪರೇಷನ್‌ಗೆ ಎಷ್ಟು ಅನ್ನೋದನ್ನು ಆಸ್ಪತ್ರೆಯ ಆರೋಗ್ಯಮಿತ್ರರ ಬಳಿ ಕೇಳಬೇಕು. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಮರೆಯಬಾರದು.

ಇನ್ನು ಗರ್ಭಿಣಿಯರಿಗೆ ಐದನೇ ತಿಂಗಳ ಸ್ಕ್ಯಾನಿಂಗ್ ಮುಖ್ಯ. 18ರಿಂದ 20ನೇ ವಾರದ ಈ ಸ್ಕ್ಯಾನ್‌ನಲ್ಲಿ ಇಂಥ ದೋಷಗಳು ಬಹಳಷ್ಟು ಸಲ ಕಾಣುತ್ತವೆ. ಮೊದಲೇ ಗೊತ್ತಾದರೆ ಮಕ್ಕಳ ಸರ್ಜನ್ ಇರುವ ಕಡೆಯೇ ಹೆರಿಗೆ ಮಾಡಿಸಬಹುದು. 'ಚೆನ್ನಾಗೇ ಇದೀನಲ್ಲ, ಯಾಕೆ ದುಡ್ಡು ದಂಡ' ಎಂದು ಬಿಡುವ ಸ್ಕ್ಯಾನ್ ಇದಲ್ಲ.

ಅಂಗಡಿಯವರಿಗೂ ಒಂದು ಮಾತು. ಇಂಥ ಮಗುವಿನ ಫೋಟೊ ತೋರಿಸಿ ಯಾರಾದರೂ ಕ್ಯೂಆರ್ ಕೋಡ್ ಹಿಡಿದು ಬಂದರೆ, ಯಾವ ಆಸ್ಪತ್ರೆ, ಯಾವ ವಾರ್ಡ್ ಎಂದು ಕೇಳಿ. ಆಸ್ಪತ್ರೆಗೇ ಫೋನ್ ಮಾಡಿ ಖಾತ್ರಿ ಮಾಡಿಕೊಂಡು, ಹಣವನ್ನು ಅಲ್ಲಿಯ ಖಾತೆಗೇ ಹಾಕಿ. ಫೋಟೊ ಮಾತ್ರ ಫಾರ್ವರ್ಡ್ ಮಾಡಬೇಡಿ. ಆ ಮಗು ನಾಳೆ ಬೆಳೆದು ಶಾಲೆಗೆ ಹೋಗಬೇಕು. ಅದರ ಕೈಗೂ ಒಂದು ದಿನ ಮೊಬೈಲ್ ಬರುತ್ತೆ.